ಬಿಟ್ಟರೂ ಬಿಡದ ಬ್ರೇಕು: ಹಳೇ ಕಾರಿನ ಗಾಲಿ ಕಾಯುವುದೇಕೆ?

ಸಂಜೆ ಹೊತ್ತಿನಲ್ಲಿ ಮಂಡಿ ಮೊಹಲ್ಲಾದೊಳಗೆ ಕಾರು ನುಗ್ಗಿಸುವುದೆಂದರೆ ಬ್ರೇಕಿನ ಮೇಲಿಂದ ಕಾಲು ತೆಗೆಯುವಂತಿಲ್ಲ. ಅಶೋಕ ರಸ್ತೆಯಲ್ಲಿ ಮುಂದೆ ಆಟೋ, ಪಕ್ಕದಲ್ಲಿ ಸರಕು ಇಳಿಸುವ ಟೆಂಪೋ, ಸಂದಿಯಲ್ಲಿ ಸ್ಕೂಟರು. ಹತ್ತು ಮಾರು ಹೋಗುವುದರೊಳಗೆ ನಾಲ್ಕು ಸಲ ಬ್ರೇಕು. ಇಂಥ ಕಡೆ ಹಳೇ ಕಾರೊಂದು ಸುಟ್ಟ ವಾಸನೆ ಹೊಡೆಯುತ್ತಾ ನಿಂತಿತೋ, ಅಂಗಡಿ ಜಗಲಿಯ ತಜ್ಞರೆಲ್ಲ ಒಟ್ಟಿಗೆ ಬಾಯಿ ಹಾಕುತ್ತಾರೆ. "ಕ್ಲಚ್ ಪ್ಲೇಟ್ ಹೋಯ್ತು ಸಾರ್" ಅಂತ ಒಬ್ಬರು, "ಎಂಜಿನ್ ಕಾದಿದೆ, ನೀರು ಹಾಕಿ" ಅಂತ ಇನ್ನೊಬ್ಬರು.

ಮುಂದಿನ ಗಾಲಿಯ ಹತ್ತಿರ ಅಂಗೈ ಒಡ್ಡಿದರೆ ನಿಜ ಗೊತ್ತಾಗುತ್ತದೆ. ಒಲೆಯ ಮುಂದೆ ಕೂತ ಹಾಗೆ ಕಾವು! ತಪ್ಪು ಕ್ಲಚ್ಚಿನದೂ ಅಲ್ಲ, ಎಂಜಿನ್ನಿನದೂ ಅಲ್ಲ. ಕಾಲು ತೆಗೆದ ಮೇಲೂ ಬ್ರೇಕು ಹಿಡಿದುಕೊಂಡೇ ಇದೆ. ನ್ಯೂಟ್ರಲ್‌ನಲ್ಲಿ ತಳ್ಳಿದರೆ ಕಾರು ಅಲ್ಲಾಡದು, ಪೆಟ್ರೋಲು ಸುಮ್ಮನೆ ಉರಿಯುತ್ತದೆ, ಸ್ಟಿಯರಿಂಗು ಒಂದೇ ಪಕ್ಕಕ್ಕೆ ಎಳೆಯುತ್ತದೆ.

ಆಗ ಸಾಮಾನ್ಯವಾಗಿ ನಡೆಯುವುದೇನು? ಹೊಸ ಪ್ಯಾಡ್ ಹಾಕಿಸುತ್ತಾರೆ. ವಾರ ಕಳೆದರೆ ಮತ್ತದೇ ವಾಸನೆ, ಮತ್ತದೇ ಕಾವು. ಪ್ಯಾಡು ಇಲ್ಲಿ ಪೆಟ್ಟು ತಿಂದವನೇ ಹೊರತು ಕಳ್ಳನಲ್ಲ. ಕಳ್ಳ ಬೇರೆ ಕಡೆ ಇದ್ದಾನೆ.

ಕಾರಿಲ್ಲದವರಿಗೆ ಇದರಿಂದೇನು ಎಂದು ಕೇಳಬಹುದು. ಬ್ರೇಕ್ ಹೋದ ಕಾರು ಯಾರ ಮೇಲೆ ಬೀಳುತ್ತೇನೆಂದು ಹೇಳಿ ಬರುವುದಿಲ್ಲ. ಬಸ್ ಸ್ಟಾಪಿನಲ್ಲಿ ನಿಂತವರೂ ಅಂಗಡಿ ಮುಂದೆ ಸಾಮಾನು ಜೋಡಿಸಿಕೊಂಡವರೂ ಅದರ ದಾರಿಯಲ್ಲೇ ಇರುವವರು.

ಸ್ಪ್ರಿಂಗ್ ಇಲ್ಲದ ಬ್ರೇಕು

ಹಳೇ ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಇದ್ದದ್ದು ಡ್ರಮ್ ಬ್ರೇಕು. ಅದರಲ್ಲಿ ಲೈನರನ್ನು ವಾಪಸ್ ಎಳೆಯಲು ಗಟ್ಟಿ ಸ್ಪ್ರಿಂಗುಗಳಿರುತ್ತವೆ. ಡಿಸ್ಕ್ ಬ್ರೇಕಿನ ಕಥೆ ಬೇರೆ. ಇಂಗ್ಲೆಂಡಿನ ಲ್ಯಾಂಚೆಸ್ಟರ್ 1902ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರೂ, ಜಗತ್ತು ಇದರತ್ತ ತಿರುಗಿ ನೋಡಿದ್ದು 1953ರಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ರೇಸನ್ನು ಗೆದ್ದ ಮೇಲೆ. ನಮ್ಮ ಸಾಮಾನ್ಯ ಕಾರುಗಳಿಗೆ ಇದು ಬರುವ ಹೊತ್ತಿಗೆ 1980ರ ದಶಕ. 1985ರಲ್ಲಿ ಬಂದ ಪ್ರೀಮಿಯರ್ 118 ಎನ್‌ಇ, 1986ರಲ್ಲಿ ಹೊಸ ರೂಪ ತಾಳಿದ ಮಾರುತಿ 800 ಈ ಸಾಲಿನವು. ಅಂದಿನ ಹೊಸ ಕಾರು ಇಂದು ಹಳೇ ಕಾರು. ಕಾಯಿಲೆ ಬರುವ ವಯಸ್ಸು.

ಡಿಸ್ಕ್ ಬ್ರೇಕಿನಲ್ಲಿ ಪಿಸ್ಟನ್ನನ್ನು ಹಿಂದಕ್ಕೆಳೆಯಲು ಸ್ಪ್ರಿಂಗ್ ಇಲ್ಲ. ಅದರ ಸುತ್ತ ಇರುವ ಒಂದು ರಬ್ಬರ್ ರಿಂಗೇ ಸ್ಪ್ರಿಂಗು. ಪೆಡಲ್ ಒತ್ತಿದಾಗ ರಿಂಗು ತುಸು ತಿರುಚಿಕೊಳ್ಳುತ್ತದೆ. ಬಿಟ್ಟಾಗ ಮೊದಲಿನ ಆಕಾರಕ್ಕೆ ಬರುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಒಳಗೆಳೆಯುತ್ತದೆ. ಅಷ್ಟೇ! ಪಿಸ್ಟನ್ನಿಗೆ ತುಕ್ಕು ಹಿಡಿದರೆ, ಅಥವಾ ಪೈಪಿನಲ್ಲಿ ಚೂರು ಒತ್ತಡ ಉಳಿದುಕೊಂಡರೆ, ಪಾಪ, ಆ ರಬ್ಬರ್ ಏನು ಮಾಡೀತು? ಹಾಗೆಂದು ಕಿವಿಗೆ ಸಣ್ಣಗೆ 'ಸರ್ ಸರ್' ಎಂದರೆ ಗಾಬರಿ ಬೇಡ. ಡಿಸ್ಕಿಗೆ ಪ್ಯಾಡು ಸೋಕುವುದು ಸಹಜ. ಕೈಯಲ್ಲಿ ತಿರುಗಿಸಿದರೆ ಗಾಲಿ ತಿರುಗದಿದ್ದರೆ ಮಾತ್ರ ರೋಗ.

ಕಳ್ಳನನ್ನು ಹಿಡಿಯುವ ಬಗೆ

ಕಸುಬು ಬಲ್ಲ ಮೇಸ್ತ್ರಿ ಮೊದಲು ಸ್ಪ್ಯಾನರ್ ಹಿಡಿಯುವುದಿಲ್ಲ, ಪ್ರಶ್ನೆ ಕೇಳುತ್ತಾನೆ: "ಒಂದು ಗಾಲಿನೋ, ಎರಡೂನೋ?" ಒಂದೇ ಗಾಲಿ ಕಾದರೆ ತೊಂದರೆ ಬಹುಮಟ್ಟಿಗೆ ಆ ಗಾಲಿಯ ಬಳಿಯೇ. ಮುಂದಿನ ಎರಡೂ ಒಟ್ಟಿಗೆ ಹಿಡಿದರೆ ತೊಂದರೆ ಮೇಲೆ, ಮಾಸ್ಟರ್ ಸಿಲಿಂಡರಿನ ಕಡೆ. ದೂರದಿಂದಲೇ ಶಾಖ ಅಳೆಯುವ ಗನ್ನು ಈಗ ಸುಲಭವಾಗಿ ಸಿಗುತ್ತದೆ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅದರ ಅಣ್ಣ. ಎಡ-ಬಲ ಗಾಲಿಗಳ ಲೆಕ್ಕ ಅದರಲ್ಲಿ ಹೋಲಿಸಬಹುದು. ಕಾದ ಡಿಸ್ಕಿನ ಮೇಲೆ ನೀರು ಮಾತ್ರ ಸುರಿಯಬಾರದು, ಡಿಸ್ಕು ಸೊಟ್ಟಗಾದೀತು.

ಪರೀಕ್ಷೆ ನಡೆಯಬೇಕಾದದ್ದು ಬ್ರೇಕು ಹಿಡಿದಿರುವಾಗಲೇ. ತಣ್ಣಗಾದ ಮೇಲೆ ಕಳ್ಳ ಪರಾರಿ! ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಜಾಕ್ ಎತ್ತಿ, ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರೀ ಜಾಕ್ ನಂಬಿ ಕೆಳಗೆ ನುಗ್ಗಿದರೆ ಪ್ರಾಣಕ್ಕೇ ಕುತ್ತು. ಆಮೇಲೆ ಮೇಲಿನಿಂದ ಕೆಳಕ್ಕೆ ಒಂದೊಂದೇ ಮೆಟ್ಟಿಲು:

ಮೊದಲನೆಯದು, ಮಾಸ್ಟರ್ ಸಿಲಿಂಡರನ್ನು ಹಿಡಿದಿರುವ ನಟ್ಟುಗಳನ್ನು ಕೊಂಚ ಸಡಿಲಿಸುವುದು. ಗಾಲಿ ಬಿಟ್ಟುಕೊಂಡರೆ ಪೆಡಲಿನ ರಾಡಿಗೆ ಆಟವಿಲ್ಲ ಎಂದರ್ಥ. ಯಾರೂ ಒತ್ತದಿದ್ದರೂ ರಾಡು ಒತ್ತುತ್ತಲೇ ಇದೆ. ಅಡ್ಜಸ್ಟ್ ಮಾಡಿದರೆ ಮುಗಿಯಿತು.

ಬಿಡಲಿಲ್ಲವೇ? ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಪೈಪನ್ನು ಸಡಿಲಿಸಬೇಕು. ಈಗ ಆಯಿಲ್ ಚಿಮ್ಮಿ ಗಾಲಿ ತಿರುಗಿದರೆ, ಆಯಿಲ್ ವಾಪಸ್ ಹೋಗುವ ಒಳಗಿನ ಸಣ್ಣ ತೂತು ಕಟ್ಟಿಕೊಂಡಿದೆ. ಸಿಲಿಂಡರ್ ಬಿಚ್ಚಿ ರಿಪೇರಿ ಆಗಬೇಕು.

ಆಗಲೂ ಬಿಡದಿದ್ದರೆ, ಗಾಲಿಯ ಬಳಿಯ ಬ್ಲೀಡಿಂಗ್ ನಿಪ್ಪಲ್ ಸಡಿಲಿಸುವುದು. ಆಯಿಲ್ ಚಿಮ್ಮಿ ಗಾಲಿ ಬಿಟ್ಟುಕೊಂಡಿತೋ, ಕಳ್ಳ ಸಿಕ್ಕಿದ: ರಬ್ಬರ್ ಹೋಸ್ ಪೈಪು. ಹೊರಗೆ ಹೊಸದರಂತೆ ಕಂಡರೂ ಒಳಪದರ ಊದಿಕೊಂಡು ದಾರಿ ಮುಚ್ಚಿರುತ್ತದೆ. ಪೆಡಲ್ ಒತ್ತುವ ಬಲಕ್ಕೆ ಆಯಿಲ್ ಮುಂದೆ ಹೋಗುತ್ತದೆ, ತಾನಾಗಿ ಹಿಂದೆ ಬರಲಾರದು. ಎಷ್ಟೋ ಜನ ಪ್ಯಾಡು, ಕ್ಯಾಲಿಪರ್ ಎರಡನ್ನೂ ಬದಲಿಸಿ ಕೈ ಸುಟ್ಟುಕೊಳ್ಳುವುದು ಇದನ್ನು ನೋಡದೆ. ಒಂದು ಹೋಸ್ ಹೋಗಿದ್ದರೆ ಅದರ ಜೊತೆಯದನ್ನೂ ಬದಲಿಸುವುದು ಜಾಣತನ.

ನಿಪ್ಪಲ್ ಬಿಟ್ಟರೂ ಗಾಲಿ ಜಪ್ಪಯ್ಯ ಅನ್ನದಿದ್ದರೆ ಉಳಿದದ್ದು ಕ್ಯಾಲಿಪರ್. ಪಿಸ್ಟನ್ ತುಕ್ಕು ಹಿಡಿದಿದೆ, ಇಲ್ಲವೇ ಕ್ಯಾಲಿಪರ್ ಜಾರುವ ಪಿನ್ನುಗಳು ಗ್ರೀಸ್ ಒಣಗಿ ಕಚ್ಚಿಕೊಂಡಿವೆ.

ನೀರು ಕುಡಿದ ಆಯಿಲ್

ತುಕ್ಕು ಎಲ್ಲಿಂದ ಬಂತು? ನಾವು 'ಬ್ರೇಕ್ ಆಯಿಲ್' ಅನ್ನುವ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಬದಲಿಸದಿದ್ದರೆ ಅದರಲ್ಲಿ ಸೇರಿದ ನೀರು ಪಿಸ್ಟನ್ನನ್ನು ತಿನ್ನುತ್ತದೆ. ಇನ್ನೂ ದೊಡ್ಡ ಅಪಾಯವೆಂದರೆ ಆಯಿಲ್ ಬೇಗ ಕುದಿಯುತ್ತದೆ. ನಿಯಮದ ಪ್ರಕಾರ ಹೊಸ ಡಾಟ್-3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತಡೆಯಬೇಕು, ತೇವ ಸೇರಿದ್ದಕ್ಕೆ ಆ ಮಿತಿ 140. ಡಾಟ್-4 ಆದರೆ 230, ತೇವ ಸೇರಿದರೆ 155. ಕುದ್ದು ಆವಿಯಾದರೆ ಪೆಡಲ್ ಸೀದಾ ನೆಲಕ್ಕೆ. ಎಷ್ಟು ಒತ್ತಿದರೂ ಬ್ರೇಕ್ ಇಲ್ಲ!

ಇದು ಅಶೋಕ ರಸ್ತೆಯಲ್ಲಿ ಆದರೆ ಬಂಪರ್ ಹೋದೀತು. ಚಾಮುಂಡಿ ಬೆಟ್ಟ ಇಳಿಯುವಾಗ, ಊಟಿಯಿಂದ 36 ತಿರುವುಗಳ ಕಲ್ಲಟ್ಟಿ ಘಾಟಿಯಲ್ಲಿ ಬರುವಾಗ ಆದರೆ? ಹತ್ತಿದ ಗೇರಿನಲ್ಲೇ ಇಳಿ ಎಂಬ ಹಳೇ ಡ್ರೈವರುಗಳ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಮೊದಲೇ ಹಿಡಿದುಕೊಂಡಿರುವ ಬ್ರೇಕಿಗೆ ಗೇರೂ ಪೂರ್ತಿ ಕಾವಲಲ್ಲ.

ಎರಡು ವರ್ಷಕ್ಕೊಮ್ಮೆಯಾದರೂ ಆಯಿಲ್ ಪೂರ್ತಿ ಬದಲಿಸುವುದು ಒಳ್ಳೆಯದು. ಸೀಲ್ ಹಾಕಿದ ಡಬ್ಬವನ್ನೇ ಕೊಳ್ಳಬೇಕು. ತೆರೆದಿಟ್ಟ ಅರ್ಧ ಡಬ್ಬ ಅಗ್ಗಕ್ಕೆ ಸಿಕ್ಕರೂ ಬೇಡ. ಭಾಗಗಳನ್ನು ಸೀಮೆಎಣ್ಣೆ, ಪೆಟ್ರೋಲಿನಲ್ಲಿ ತೊಳೆದರೆ ರಬ್ಬರ್ ಊದಿಕೊಂಡು ಹೊಸ ರೋಗ ಶುರು. ಇನ್ನೊಂದು ಮಾತು ಗ್ಯಾರೇಜಿನ ಹುಡುಗರಿಗೆ: ಹಳೇ ಪ್ಯಾಡು, ಲೈನರುಗಳಲ್ಲಿ ಕಲ್ನಾರು ಇರಬಹುದು. ಆ ಧೂಳನ್ನು ಬಾಯಿಂದಾಗಲಿ ಏರ್ ಪೈಪಿನಿಂದಾಗಲಿ ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ. ಪುಪ್ಪುಸಕ್ಕೆ ಸ್ಪೇರ್ ಪಾರ್ಟ್ ಸಿಗುವುದಿಲ್ಲ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಆ ಐದು ವರ್ಷದ ನಡುವೆ ಬ್ರೇಕಿನ ಕಾವಲು ಮಾಲೀಕನದೇ. ಕಾರಿನ ಹೊರಮೈಗೆ ಪಾಲಿಶ್ ಹೊಡೆಸಿ ದಸರಾಕ್ಕೆ ಮೆರೆಸುವವರು, ಅದಕ್ಕೆ ಮುಂಚೆ ನಾಲ್ಕೂ ಗಾಲಿ ಎತ್ತಿ ಕೈಯಿಂದ ಒಮ್ಮೆ ತಿರುಗಿಸಿ ನೋಡಲಿ. ಮೇಸ್ತ್ರಿ "ಪ್ಯಾಡ್ ಹಾಕ್ಬಿಡೋಣ ಸಾರ್" ಅಂದರೆ, "ಒತ್ತಡ ಎಲ್ಲಿ ನಿಂತಿದೆ, ಮೊದಲು ತೋರ್ಸಪ್ಪ" ಅಂತ ಕೇಳಲಿ. ಕೇಳುವುದಕ್ಕೆ ಕಾಸು ಖರ್ಚಿಲ್ಲ.