ಅಲ್ಪವ್ಯಯದ ಗೇಮ್ ಎಂಜಿನ್ ಆಯ್ಕೆ: ಮಧುಗಿರಿ ದುರ್ಗದ ನಿದರ್ಶನದೊಡನೆ ಒಂದು ವಿವೇಚನೆ

ಕಂಪ್ಯೂಟರ್ ಆಟಗಳಲ್ಲಿ ‘ಪ್ಲಾಟ್‌ಫಾರ್ಮರ್’ ಎಂಬುದೊಂದು ಪ್ರಭೇದ. ಪಕ್ಕದಿಂದ ನೋಡಿದಂತೆ ಚಿತ್ರಿಸಿದ ದೃಶ್ಯದಲ್ಲಿ ಪಾತ್ರವೊಂದು ಓಡುತ್ತ, ಜಿಗಿಯುತ್ತ, ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಏರಿ ಗುರಿಯನ್ನು ಮುಟ್ಟುವುದೇ ಇದರ ಸ್ವರೂಪ. ೧೯೮೧ರ ‘ಡಾಂಕಿ ಕಾಂಗ್’, ೧೯೮೫ರ ‘ಸೂಪರ್ ಮಾರಿಯೋ ಬ್ರದರ್ಸ್’ ಇವುಗಳಿಂದ ಜಗತ್ಪ್ರಸಿದ್ಧವಾದ ಈ ಬಗೆಯು ಉದ್ದ ಎತ್ತರಗಳೆಂಬ ಎರಡೇ ಆಯಾಮಗಳನ್ನು ಬಳಸುವುದರಿಂದ, ಅಲ್ಪ ಸಾಧನಸಾಮಗ್ರಿ ಉಳ್ಳವರಿಗೂ ನಿಲುಕತಕ್ಕದ್ದು.

ಇತಿಹಾಸದ ಅಧ್ಯಾಪಕರಾದ ನಾವು ಈ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವುಂಟು. ಮಧುಗಿರಿಯ ಏಕಶಿಲೆಯ ಬೆಟ್ಟವನ್ನು ಕಂಡವರಿಗೆ ಆ ದುರ್ಗದ ರಚನೆ ಪರಿಚಿತವೇ ಆಗಿದೆ. ಬುಡದಲ್ಲಿ ವೆಂಕಟರಮಣ, ಮಲ್ಲೇಶ್ವರ ದೇವಾಲಯಗಳು. ಅಲ್ಲಿಂದ ಮೇಲಕ್ಕೆ ಸುತ್ತಿನ ಮೇಲೆ ಸುತ್ತು ಗೋಡೆ, ಬಾಗಿಲಾದ ಮೇಲೆ ಬಾಗಿಲು, ಬಂಡೆಯಲ್ಲಿ ಕಡಿದ ಮೆಟ್ಟಿಲು. ನೆತ್ತಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣ ದೇಗುಲ. ಶತ್ರುವನ್ನು ಹಂತಹಂತವಾಗಿ ತಡೆಯುವ ಈ ಯೋಜನೆಯನ್ನು ನಕ್ಷೆಯಿಂದ ವಿವರಿಸುವುದು ಕಷ್ಟ; ಏರಿ ನೋಡಿದವನಿಗೆ ಸುಲಭ. ಬೆಟ್ಟವೇರಲಾರದ ವಿದ್ಯಾರ್ಥಿಯು ತೆರೆಯ ಮೇಲಾದರೂ ಏರುವಂತೆ ಮಾಡಲು ಪ್ಲಾಟ್‌ಫಾರ್ಮರಿಗಿಂತ ಉಚಿತವಾದ ರೂಪ ಬೇರೊಂದಿಲ್ಲ. ಹೀಗಿರಲಾಗಿ, ಶಿರಾ ಸೀಮೆಯ ಕಾಲೇಜೊಂದು ಇಂಥ ಆಟವನ್ನು ಕನ್ನಡದಲ್ಲಿ ನಿರ್ಮಿಸಲು ಹೊರಟರೆ ಯಾವ ಸಾಧನವನ್ನು ಆರಿಸಿಕೊಳ್ಳಬೇಕೆಂಬುದೇ ಪ್ರಕೃತ ಲೇಖನದ ವಿಚಾರ.

ಮೊದಲು ಗೇಮ್ ಎಂಜಿನ್ ಎಂದರೇನೆಂಬುದನ್ನು ತಿಳಿಯೋಣ. ಜಿಗಿದ ಪಾತ್ರವು ಕೆಳಗೆ ಬೀಳಬೇಕು. ಬಿದ್ದುದು ನೆಲವನ್ನು ತಾಗಿ ನಿಲ್ಲಬೇಕು. ದೃಶ್ಯವು ಅದನ್ನು ಹಿಂಬಾಲಿಸಬೇಕು. ತಕ್ಕ ಸಮಯಕ್ಕೆ ಧ್ವನಿ ಹೊರಡಬೇಕು. ಎಲ್ಲ ಆಟಗಳಿಗೂ ಸಮಾನವಾದ ಈ ಕಾರ್ಯಗಳನ್ನು ಮೊದಲೇ ಸಿದ್ಧಪಡಿಸಿಟ್ಟುಕೊಂಡಿರುವ ಸಾಫ್ಟ್‌ವೇರೇ ಗೇಮ್ ಎಂಜಿನ್. ಇದರ ಆಯ್ಕೆಯಲ್ಲಿ ನಾವು ನಾಲ್ಕು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ: ಬೆಲೆಯೆಷ್ಟು? ಕಾಲೇಜಿನ ಹಳೆಯ ಯಂತ್ರಗಳಲ್ಲಿ ನಡೆದೀತೆ? ಕನ್ನಡವನ್ನು ಸರಿಯಾಗಿ ಬರೆದೀತೆ? ಕಟ್ಟಿದುದು ನಮ್ಮ ವಶದಲ್ಲಿ ಉಳಿದೀತೆ?

ಕೊನೆಯ ಪ್ರಶ್ನೆಯ ಮಹತ್ತ್ವವನ್ನು ಶಿರಾದ ಇತಿಹಾಸವೇ ತಿಳಿಸುತ್ತದೆ. ಕಸ್ತೂರಿ ರಂಗಪ್ಪನಾಯಕನು ಸ್ಥಾಪಿಸಿದ ಈ ಪಟ್ಟಣವು ೧೬೩೮ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನ ವಶವಾಯಿತು. ೧೬೮೭ರಲ್ಲಿ ಮೊಗಲ್ ಸುಬೆಯೊಂದರ ರಾಜಧಾನಿಯಾಗಿ, ಪಾಳೆಯಗಾರರಿಂದ ಕಪ್ಪವನ್ನು ಎತ್ತುವ ಕೇಂದ್ರವಾಯಿತು. ೧೭೫೭ರಲ್ಲಿ ಮರಾಠರಿಗೂ ೧೭೬೧ರಲ್ಲಿ ಹೈದರಾಲಿಗೂ ಸೇರಿತು. ನೆಲವನ್ನು ಆಳುತ್ತಿದ್ದ ಪಾಳೆಯಗಾರನು ಅವನೇ ಆದರೂ ಕಪ್ಪವನ್ನು ಗೊತ್ತುಮಾಡುವ ಒಡೆಯನು ಬದಲಾಗುತ್ತಿದ್ದನು. ಪರರ ಎಂಜಿನ್ನಿನ ಮೇಲೆ ಆಟವನ್ನು ಕಟ್ಟುವವನ ಸ್ಥಿತಿಯೂ ಕೆಲಮಟ್ಟಿಗೆ ಇದೇ.

ಇದಕ್ಕೆ ನಿದರ್ಶನ ‘ಯೂನಿಟಿ’. ೨೦೧೭ರಲ್ಲಿ ಹೊರಬಂದ ‘ಹಾಲೋ ನೈಟ್’ ಎಂಬ ಪ್ರಸಿದ್ಧ ಪ್ಲಾಟ್‌ಫಾರ್ಮರ್ ಈ ಎಂಜಿನ್ನಿನಿಂದಲೇ ಆದುದು. ಇದರ ಸಾಮರ್ಥ್ಯದ ವಿಷಯದಲ್ಲಿ ಸಂದೇಹವಿಲ್ಲ. ಅಲ್ಪ ವರಮಾನದವರಿಗೆ ಇದು ಉಚಿತವೂ ಹೌದು. ಆದರೆ ೨೦೨೩ರ ಸೆಪ್ಟೆಂಬರಿನಲ್ಲಿ, ಗೊತ್ತಾದ ಮಿತಿಯನ್ನು ದಾಟಿದ ಆಟಗಳು ಪ್ರತಿ ಸಲ ಹೊಸದಾಗಿ ಸ್ಥಾಪಿತವಾದಂತೆಲ್ಲ ಶುಲ್ಕ ಸಲ್ಲಬೇಕೆಂದು ಸಂಸ್ಥೆಯು ಘೋಷಿಸಿತು. ವ್ಯಾಪಕವಾದ ವಿರೋಧದಿಂದಾಗಿ ಮೊದಲು ನಿಯಮಗಳನ್ನು ಸಡಿಲಿಸಿ, ೨೦೨೪ರ ಸೆಪ್ಟೆಂಬರಿನಲ್ಲಿ ಆ ಶುಲ್ಕವನ್ನೇ ರದ್ದುಪಡಿಸಿತು. ಸಣ್ಣ ಕಾಲೇಜಿಗೆ ಆ ಶುಲ್ಕ ತಗಲುತ್ತಿರಲಿಲ್ಲವೆಂಬುದು ನಿಜ. ಆದರೂ ಇಂದಿನ ಉಚಿತವು ನಾಳೆಯ ಉಚಿತವಾಗಿರಲೇಬೇಕೆಂದಿಲ್ಲವೆಂಬ ಪಾಠ ಅದರಲ್ಲಿದೆ.

‘ಗೇಮ್‌ಮೇಕರ್’ ಎರಡು ಆಯಾಮದ ಆಟಗಳಿಗೆ ಹೇಳಿಮಾಡಿಸಿದಂತಿದೆ. ೨೦೦೮ರ ‘ಸ್ಪೆಲಂಕಿ’ ಎಂಬ ಪ್ಲಾಟ್‌ಫಾರ್ಮರ್ ಇದರಿಂದಲೇ ಆಯಿತು. ೨೦೨೩ರ ನವೆಂಬರಿನಿಂದ, ಮಾರಾಟದ ಉದ್ದೇಶವಿಲ್ಲದವರಿಗೆ ಇದು ಉಚಿತ. ಮಾರುವವರಿಗೆ ಆಗ ಗೊತ್ತುಮಾಡಿದ ಬೆಲೆ ಒಂದಾವರ್ತಿ ಸುಮಾರು ೧೦೦ ಡಾಲರು. ‘ಕನ್‌ಸ್ಟ್ರಕ್ಟ್’ ಎಂಬುದು ಬ್ರೌಸರಿನಲ್ಲಿಯೇ ನಡೆಯುವ ಅನುಕೂಲವುಳ್ಳದ್ದಾದರೂ ಚಂದಾ ತೆರುವವರೆಗೆ ಮಾತ್ರ ಪೂರ್ಣವಾಗಿ ದೊರೆಯತಕ್ಕದ್ದು. ವರ್ಷವರ್ಷವೂ ಮಂಜೂರಾತಿಗೆ ಕಾಯಬೇಕಾದ ವಿಭಾಗಗಳಿಗೆ ಇದು ಒಗ್ಗದು.

ಉಳಿದವು ‘ಗೊಡೋ’ ಮತ್ತು ‘ಜಿಡೆವೆಲಪ್’. ಅರ್ಜೆಂಟೀನಾದಲ್ಲಿ ಹುಟ್ಟಿದ ಗೊಡೋ ೨೦೧೪ರಲ್ಲಿ ಎಂ.ಐ.ಟಿ. ಪರವಾನಗಿಯ ಅಡಿಯಲ್ಲಿ ಸಾರ್ವಜನಿಕವಾಯಿತು. ಯಾರಾದರೂ ಅದನ್ನು ಬಳಸಬಹುದು, ತಿದ್ದಬಹುದು, ಅದರಿಂದಾದ ಆಟವನ್ನು ಮಾರಬಹುದು. ಪರವಾನಗಿಯ ಒಕ್ಕಣೆಯನ್ನು ಆಟದೊಡನೆ ಸೇರಿಸುವುದೊಂದೇ ಕಟ್ಟಳೆ. ಒಮ್ಮೆ ಹೀಗೆ ಕೊಟ್ಟ ಆವೃತ್ತಿಯು ನಮ್ಮ ಕೈಯಲ್ಲಿ ಉಳಿಯುತ್ತದೆ. ಯೂನಿಟಿಯು ಹಲವು ಗಿಗಾಬೈಟುಗಳನ್ನು ಬೇಡಿದರೆ ಗೊಡೋವಿನ ಸಂಪಾದಕವು ೨೦೦ ಮೆಗಾಬೈಟಿಗೂ ಕಡಮೆ. ಹಳೆಯ ಯಂತ್ರಗಳಿಗೆಂದೇ ‘ಕಂಪ್ಯಾಟಿಬಿಲಿಟಿ’ ಎಂಬ ಹಗುರವಾದ ಚಿತ್ರಣಕ್ರಮವೂ ಅದರಲ್ಲುಂಟು.

ಕನ್ನಡದ ಪ್ರಶ್ನೆಯೇ ನಮಗೆ ನಿರ್ಣಾಯಕವಾದುದು. ಕಂಪ್ಯೂಟರು ‘ಕಸ್ತೂರಿ’ ಎಂಬಲ್ಲಿನ ಒತ್ತಕ್ಷರವನ್ನು ಸಕಾರ, ಹಲಂತಚಿಹ್ನೆ, ತಕಾರ ಎಂದು ಬೇರೆಬೇರೆಯಾಗಿಯೇ ಇಟ್ಟುಕೊಂಡಿರುತ್ತದೆ. ತೆರೆಗೆ ತರುವಾಗ ಅವನ್ನು ಕೂಡಿಸಿ ತಕಾರವನ್ನು ಅಡಿಗಿಡುವ ಕೆಲಸ ಪ್ರತ್ಯೇಕವಾದುದು. ಇದನ್ನು ಮಾಡಲರಿಯದ ಎಂಜಿನ್ನಿನಲ್ಲಿ ಶಿರಾದ ಸ್ಥಾಪಕನ ಹೆಸರು ಮೊದಲ ಪದದಲ್ಲಿಯೇ ಒಡೆದು ಕಾಣುತ್ತದೆ. ‘ರಂಗಪ್ಪ’ನ ಪಕಾರದ ಒತ್ತೂ ಹಾಗೆಯೇ ಬಿಡಿಯಾಗುತ್ತದೆ. ಯೂನಿಟಿಯಲ್ಲಿ ಬಹುಕಾಲ ರೂಢಿಯಲ್ಲಿರುವ ‘ಟೆಕ್ಸ್ಟ್‌ಮೆಶ್ ಪ್ರೊ’ ಸಾಧನಕ್ಕೆ ಈ ಕೂಡಿಕೆ ತಾನಾಗಿ ಬರುವುದಿಲ್ಲ. ಗೊಡೋವಿನ ಮೂರನೆಯ ಆವೃತ್ತಿಯಲ್ಲಿಯೂ ಇದೇ ಕೊರತೆಯಿದ್ದಿತು. ೨೦೨೩ರ ಮಾರ್ಚಿನಲ್ಲಿ ಹೊರಬಂದ ನಾಲ್ಕನೆಯದರಲ್ಲಿ ‘ಹಾರ್ಫ್‌ಬಜ್’ ಎಂಬ ಅಕ್ಷರಸಂಯೋಜಕವನ್ನು ಅಳವಡಿಸಿದ ಮೇಲೆ ಅದು ನೀಗಿತು. ‘ನೋಟೋ ಸಾನ್ಸ್ ಕನ್ನಡ’ದಂಥ ಮುಕ್ತ ಪರವಾನಗಿಯ ಅಕ್ಷರವಿನ್ಯಾಸವನ್ನು ಆಟದೊಳಗೇ ಸೇರಿಸಿಬಿಟ್ಟರೆ ಬೇರೆ ಯಂತ್ರಗಳಲ್ಲಿಯೂ ಬರಹ ಸರಿಯಾಗಿ ತೋರುವುದು. ಯಾವ ಎಂಜಿನ್ನನ್ನೇ ಆಗಲಿ ಒಪ್ಪಿಕೊಳ್ಳುವ ಮುನ್ನ ‘ಕಸ್ತೂರಿ ರಂಗಪ್ಪ’, ‘ಗೋಪಾಲಕೃಷ್ಣ’ ಎಂಬೆರಡು ಹೆಸರುಗಳನ್ನು ಬರೆಯಿಸಿ ನೋಡುವುದು ಐದು ನಿಮಿಷದ ಪರೀಕ್ಷೆ.

ಗೊಡೋವಿಗೂ ತೊಡಕಿಲ್ಲದೆ ಇಲ್ಲ. ಅದರ ಆಜ್ಞಾಭಾಷೆಯನ್ನು ಕಲಿಯಬೇಕು. ಆ ಭಾಷೆಯು ಪೈಥಾನನ್ನು ಹೋಲುವುದರಿಂದ ಗಣಕವಿಜ್ಞಾನದ ವಿದ್ಯಾರ್ಥಿಗಳ ನೆರವು ಒದಗಿದಲ್ಲಿ ಇದು ದೊಡ್ಡ ಅಡ್ಡಿಯಾಗದು. ಅಂಥ ನೆರವಿಲ್ಲದ ಕಡೆ ಜಿಡೆವೆಲಪ್ ಲೇಸು. ಅದೂ ಮುಕ್ತವಾದುದೇ, ‘ಹೀಗಾದರೆ ಹೀಗೆ ಮಾಡು’ ಎಂಬ ಸಾಲುಗಳನ್ನು ಜೋಡಿಸಿ ಆಟವನ್ನು ಕಟ್ಟಬಹುದು, ಪ್ಲಾಟ್‌ಫಾರ್ಮರಿನ ಓಟ ಜಿಗಿತಗಳು ಅದರಲ್ಲಿ ಸಿದ್ಧವಾಗಿಯೇ ಇವೆ, ಸಾಮಾನ್ಯ ಬರಹವನ್ನು ಬ್ರೌಸರಿನ ತಂತ್ರದಿಂದಲೇ ಮೂಡಿಸುವುದರಿಂದ ಒತ್ತಕ್ಷರಗಳೂ ಕೂಡಿಕೊಳ್ಳುತ್ತವೆ.

ಆದುದರಿಂದ ನಮ್ಮ ನಿರ್ಣಯವಿಷ್ಟು: ಆಜ್ಞಾಲೇಖನ ಬಲ್ಲವರು ಇರುವಲ್ಲಿ ಗೊಡೋವಿನ ನಾಲ್ಕನೆಯ ಆವೃತ್ತಿ, ಇಲ್ಲದಲ್ಲಿ ಜಿಡೆವೆಲಪ್. ಎಂಜಿನ್ನಿಗೆ ಹಣ ಬೇಕಾಗದಿದ್ದರೂ ಶ್ರಮ ತಪ್ಪದು. ಬಾಗಿಲುಗಳ ಕ್ರಮವನ್ನು ಬೆಟ್ಟವೇರಿ ಗುರುತಿಸುವುದು, ಗೋಡೆಗಳನ್ನು ಅಳೆಯುವುದು, ನಿಶ್ಚಯವಾದುದನ್ನೂ ಊಹೆಯನ್ನೂ ಆಟದಲ್ಲಿ ಬೇರ್ಪಡಿಸಿ ತೋರಿಸುವುದು, ಇವೆಲ್ಲ ಇತಿಹಾಸದ ವಿದ್ಯಾರ್ಥಿಯ ಹೊಣೆ. ಜಿಗಿದ ಪಾತ್ರವನ್ನು ನೆಲಕ್ಕೆ ಇಳಿಸುವುದು ಎಂಜಿನ್ನಿನ ಕೆಲಸ; ಆ ನೆಲವು ಮಧುಗಿರಿಯದೇ ಆಗಿರುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ.