ಮಿರಗದ ಹುಳ ಮುಗಿಲಿನಿಂದ ಬಿದ್ದದ್ದಲ್ಲ

ಕುಂದಗೋಳದ ಕಡೆಯ ಓದುಗರೊಬ್ಬರು ಕೇಳಿದ್ದಾರೆ: ‘ಮಿರಗದ ಮಳಿ ಹೊಡದ ಮರುದಿನ ಹೊಲದಾಗ ಕೆಂಪನ್ನ ಹುಳ ಹರಿದಾಡತಾವ. ಸ್ವಲ್ಪ ದಿನದಾಗ ಒಂದೂ ಇರಂಗಿಲ್ಲ. ಮಳಿ ಕೂಡ ಮ್ಯಾಲಿಂದ ಬೀಳತಾವ ಅಂತ ನಮ್ಮವ್ವ ಹೇಳತಿದ್ಲು. ಖರೇ ಏನ್ರಿ?’

ಖರೇ ಅಲ್ಲ. ಮುಗಿಲಿನಿಂದ ಬೀಳುವುದಾದರೆ ಮಾಳಿಗೆಯ ಮೇಲೂ ಡಾಂಬರು ರಸ್ತೆಯ ಮೇಲೂ ಹೊಲದಷ್ಟೇ ಬೀಳಬೇಕಿತ್ತು. ಅವು ಬರುವುದು ಕೆಳಗಿನಿಂದ, ನಾವು ನಿಂತ ಮಣ್ಣಿನೊಳಗಿಂದ.

ಮೇ ಕೊನೆಯಿಂದ ಜೂನ್ ನಡುವಿನವರೆಗೆ ನಮ್ಮ ಅವಳಿ ನಗರದಲ್ಲಿ ಬೆಳಗಿನ ಅಡ್ಡಾಟಕ್ಕೆ ಹೋಗದವರು ದೊಡ್ಡ ಹಬ್ಬವನ್ನೇ ಕಳೆದುಕೊಳ್ಳುತ್ತಾರೆ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಕಕ್ಕೆಮರದ ಹಳದಿ ಗೊಂಚಲು ಇನ್ನೂ ಉಳಿದಿರುತ್ತವೆ. ನೃಪತುಂಗ ಬೆಟ್ಟದ ಕಡೆ ತಲೆಯ ಮೇಲೆ ಜುಟ್ಟು ಹೊತ್ತ ಚಾತಕ ಕೂಗತೊಡಗುತ್ತದೆ. ಎಲ್ಲರೂ ಕತ್ತೆತ್ತಿ ನೋಡುತ್ತಾರೆ. ನಾನು ಮಾತ್ರ ಮೊದಲ ಒಳ್ಳೆಯ ಮಳೆಯ ಮರುದಿನ ನೆಲ ನೋಡಿಕೊಂಡೇ ನಡೆಯುತ್ತೇನೆ. ಧಾರವಾಡದ ಮಸಾರಿ ನೆಲದಲ್ಲಿ, ಹುಲ್ಲು ಇನ್ನೂ ಚಿಗುರದ ಕಡೆ, ಮಕಮಲ್ಲಿನ ಚೂರೊಂದು ಕಾಲು ಮೂಡಿ ನಡೆದಂತೆ ಆ ಹುಳ ಕಾಣಿಸುತ್ತದೆ.

ಕಾಲು ಎಣಿಸಿ: ಎಂಟು. ಕೀಟಕ್ಕೆ ಆರೇ ಕಾಲು. ಇದು ಜೇಡದ ಬಳಗದ್ದು, ಒಂದು ನುಸಿ. ದನದ ಮೈಗೆ ಅಂಟುವ ಉಣ್ಣಿ ಇದರ ದೂರದ ನೆಂಟ. ಆದರೆ ನಮ್ಮನ್ನು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ವಿಜ್ಞಾನಿಗಳು ಇದನ್ನು ಟ್ರಾಂಬಿಡಿಯಮ್ ಗ್ರಾಂಡಿಸಿಮಮ್ ಎನ್ನುತ್ತಾರೆ. ಕಣ್ಣಿಗೇ ಕಾಣದಷ್ಟು ಸಣ್ಣವೇ ಹೆಚ್ಚಿರುವ ನುಸಿಗಳಲ್ಲಿ ಒಂದು ಸೆಂಟಿಮೀಟರ್ ಮೀರಿ ಬೆಳೆಯುವ ಇದು ದೈತ್ಯ. ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬಿದ್ದಿರುತ್ತದೆ. ಆ ಕೆಂಪು ಬಣ್ಣ ಎಚ್ಚರಿಕೆಯದು: ರುಚಿ ಬಲು ಕೆಟ್ಟದ್ದು, ಬೇಟೆಗಾರರು ಇದರ ತಂಟೆಗೆ ಬರುವುದು ಕಡಿಮೆ.

ವರ್ಷದ ಬಹುಪಾಲು ಇದು ಮಣ್ಣಿನ ಆಳದಲ್ಲಿ, ಬೇಸಿಗೆಯ ಒಣಹವೆಗೆ ಸಿಗದೆ ಇರುತ್ತದೆ. ಮಳೆ ನೆಲವನ್ನು ನೆನೆಸಿದಾಗ ರೆಕ್ಕೆ ಮೂಡಿದ ಗೆದ್ದಲು ಹೊರಬೀಳುತ್ತವಲ್ಲ, ಅದೇ ಇದಕ್ಕೂ ಊಟದ ಕರೆ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಇದರ ಸೋದರ ಜಾತಿಯೊಂದು ಮಳೆಯ ನಂತರ ಗೆದ್ದಲು ಹಾರುವ ಕೆಲವೇ ಗಂಟೆ ಮೇಲೆ ಬಂದು, ಹೊಟ್ಟೆ ತುಂಬಿಸಿಕೊಂಡು ಮತ್ತೆ ನೆಲ ಸೇರುತ್ತದೆ.

ಊಟದ ಜೊತೆಗೇ ಮದುವೆ. ಈ ಮಕಮಲ್ಲಿನ ಹುಳಗಳ ಬಳಗದಲ್ಲಿ ಗಂಡು ಹೆಣ್ಣು ನೇರವಾಗಿ ಕೂಡುವುದಿಲ್ಲ. ಗಂಡು ಹುಲ್ಲುಕಡ್ಡಿಗಳ ಮೇಲೆ ವೀರ್ಯದ ಸಣ್ಣ ಹನಿಗಳನ್ನು ಇಟ್ಟು, ಅಲ್ಲಿಗೆ ದಾರಿ ತೋರಲು ರೇಷ್ಮೆಯ ಎಳೆ ಹಾಸುತ್ತದೆ. ಹೆಣ್ಣು ಎಳೆ ಹಿಡಿದು ಬಂದು, ಒಪ್ಪಿಗೆಯಾದರೆ ಹನಿಯನ್ನು ಸ್ವೀಕರಿಸುತ್ತದೆ. ನಡುವೆ ಇನ್ನೊಂದು ಗಂಡು ಬಂದರೆ ಆ ಹನಿಗಳ ತೋಟವನ್ನೆಲ್ಲ ಕೆಡವಿ ತನ್ನ ಹನಿಗಳನ್ನು ಇಡುತ್ತದೆ! ಬೆರಳುಗುರಿನಷ್ಟು ಜಾಗದಲ್ಲಿ ಇಷ್ಟೆಲ್ಲ ನಡೆಯುತ್ತದೆ ಎಂದು ತಿಳಿದ ಮೇಲೆ ನನಗೆ ಹುಲ್ಲುಕಡ್ಡಿಯನ್ನು ಸುಮ್ಮನೆ ದಾಟಿ ಹೋಗಲು ಆಗಿಲ್ಲ.

ಹಾಗಾಗಿಯೇ ಒಂದು ದಂಧೆಯ ಮೇಲೆ ನನಗೆ ಸಿಟ್ಟು. ಈ ಹುಳಗಳನ್ನು ರಾಶಿ ರಾಶಿ ಹಿಡಿದು, ಒಣಗಿಸಿ, ಎಣ್ಣೆ ತೆಗೆದು ‘ಬೀರ್ ಬಹೂಟಿ’ ಎಂಬ ಹೆಸರಿನಲ್ಲಿ ಲಕ್ವಾಕ್ಕೂ ಗಂಡಸುತನಕ್ಕೂ ಮದ್ದೆಂದು ಮಾರುತ್ತಾರೆ. ಲಕ್ವಾ ಹೊಡೆದವರಿಗೆ ಬೇಕಾದದ್ದು ತಡಮಾಡದೆ ಆಸ್ಪತ್ರೆ; ಎಣ್ಣೆ ತಿಕ್ಕುತ್ತ ಕೂತರೆ ಉಳಿಸಬಹುದಾದ ಕೈಕಾಲೂ ಹೋದಾವು. ಹುಳದ ಪಾಲಿಗೋ ಇದು ಇನ್ನೂ ದೊಡ್ಡ ಪೆಟ್ಟು. ಮೇಲೆ ಸಿಗುವುದು ಬೆಳೆದು ನಿಂತ ಹುಳಗಳೇ, ಅದೂ ಮೊಟ್ಟೆಯಿಡುವ ಮುನ್ನ. ಇಂದು ಹಿಡಿದರೆ ಮುಂದಿನ ಪೀಳಿಗೆಯನ್ನೂ ಹಿಡಿದಂತೆ. ಮಕ್ಕಳು ಕಡ್ಡಿಪೆಟ್ಟಿಗೆಯಲ್ಲಿ ಮಣ್ಣು ಹಾಕಿ ಒಂದೆರಡು ಇಟ್ಟುಕೊಂಡರೆ ಬೈಯಬೇಡಿ. ಸಂಜೆಯೊಳಗೆ ಹಿಡಿದ ಜಾಗದಲ್ಲೇ ಬಿಡಿಸಿ.

ಮಳೆಗಾಲ ಮುಂದುವರಿದಾಗ ಮಿಡತೆಗಳನ್ನು ಹತ್ತಿರದಿಂದ ನೋಡಿ. ರೆಕ್ಕೆಯ ಬುಡದಲ್ಲಿ ಸಣ್ಣ ಕೆಂಪು ಮಣಿ ಅಂಟಿದ್ದರೆ ಅದು ಈ ಬಳಗದ ಮರಿ. ಆಗ ಅದಕ್ಕೆ ಆರೇ ಕಾಲು. ಮಿಡತೆಯ ರಸ ಹೀರಿ, ಉದುರಿ, ಮಣ್ಣು ಸೇರುತ್ತದೆ. ಕೆಲಗೇರಿ ಕೆರೆಯ ದಂಡೆಯಲ್ಲಿ ಏರೋಪ್ಲೇನ್ ಚಿಟ್ಟೆಯ ಮೈಗೆ ಅಂಥದೇ ಮಣಿಗಳು ಕಂಡರೆ ಅವು ನೀರಿನಲ್ಲಿ ಬೆಳೆಯುವ ಹತ್ತಿರದ ನೆಂಟರು.