ಹಿರಿಯರು ನೆಟ್ಟ ವನಗಳ ಸಂರಕ್ಷಣೆ
(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು ಬರೆದುದು)

ನಮ್ಮ ಗ್ರಾಮಗಳಲ್ಲಿ ಹಳೆಯ ದೇವಾಲಯವೊಂದರ ಗೋಡೆ ಬಿರುಕುಬಿಟ್ಟರೆ ಊರಿನ ಮುಖಂಡರು ಕೂಡಲೆ ಸಭೆ ಸೇರುತ್ತಾರೆ. ಶಾಸನದ ಕಲ್ಲೊಂದು ಹೊಲದಲ್ಲಿ ಸಿಕ್ಕಿದರೆ ಅದನ್ನು ತಂದು ಚಾವಡಿಯ ಮುಂದೆ ನಿಲ್ಲಿಸುತ್ತಾರೆ. ಇವು ಪೂರ್ವಿಕರಿಂದ ಬಂದ ಆಸ್ತಿಯೆಂಬ ತಿಳಿವಳಿಕೆಯು ಎಲ್ಲರಲ್ಲಿಯೂ ಉಂಟು. ಆದರೆ ಅದೇ ದೇವಾಲಯದ ಹಿಂದಿರುವ ಗುಂಡುತೋಪು, ಊರ ಬಾಗಿಲಿನ ಅರಳಿಕಟ್ಟೆ, ಸಂತೆಯ ಹಾದಿಯ ಸಾಲುಮರ, ಕಲ್ಯಾಣಿಯ ಸುತ್ತಲಿನ ಹೂದೋಟ, ಇವುಗಳೂ ಅಂತಹ ಆಸ್ತಿಯೇ ಎಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಮರಗಳು ತಾವಾಗಿಯೇ ಹುಟ್ಟಿ ಬೆಳೆದವೆಂಬಂತೆ ನೋಡುತ್ತೇವೆ. ಈ ವಿಷಯವನ್ನು ಗ್ರಾಮದ ಮುಖ್ಯಸ್ಥರ ಮತ್ತು ಭೂಮಾಲಿಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶವಾಗಿರುತ್ತದೆ.

ನೆಟ್ಟ ವನವೆಂದರೇನು?

ಕಾಡು ತಾನಾಗಿ ಬೆಳೆಯತಕ್ಕದ್ದು. ತೋಪು ಮನುಷ್ಯನು ಆಲೋಚಿಸಿ ನೆಟ್ಟದ್ದು. ಹಳೆಯ ಗುಂಡುತೋಪೊಂದರ ನಡುವೆ ನಿಂತು ನೋಡಿದರೆ ಈ ವ್ಯತ್ಯಾಸವು ಸ್ಪಷ್ಟವಾಗುತ್ತದೆ. ಮರಗಳು ಮೂವತ್ತೈದು ನಲವತ್ತು ಅಡಿಗಳ ಅಂತರದಲ್ಲಿ ಸಾಲುಹಿಡಿದು ನಿಂತಿರುತ್ತವೆ. ಮಾವು, ಹಲಸು, ಹುಣಿಸೆ, ನೇರಳೆ, ಹಿಪ್ಪೆ, ಹೊಂಗೆ ಮುಂತಾದ ಉಪಯುಕ್ತವಾದ ಜಾತಿಗಳನ್ನೇ ಆರಿಸಿರುತ್ತಾರೆ. ಹತ್ತಿರದಲ್ಲಿ ಬಾವಿಯೋ ಕಟ್ಟೆಯೋ ಇದ್ದೇ ಇರುತ್ತದೆ. ದಾರಿಹೋಕರಿಗೆ ತಂಗುವ ನೆರಳು, ದನಕರುಗಳಿಗೆ ಮಧ್ಯಾಹ್ನದ ವಿಶ್ರಾಂತಿ, ಜಾತ್ರೆ ಸಂತೆಗಳಿಗೆ ಸ್ಥಳ, ಊರಿಗೆ ಹಣ್ಣು, ಹಿಪ್ಪೆ ಹೊಂಗೆಗಳಿಂದ ದೀಪದ ಎಣ್ಣೆ, ಇಷ್ಟನ್ನೂ ಒಂದೇ ನೆಲದಲ್ಲಿ ಒದಗಿಸುವ ಏರ್ಪಾಡು ಇದಾಗಿತ್ತು. ಆದುದರಿಂದ ಇದನ್ನು ಮರಗಳ ಗುಂಪೆಂದು ಎಣಿಸದೆ, ಕಲ್ಲಿಗೆ ಬದಲಾಗಿ ಮರದಿಂದ ಕಟ್ಟಿದ ಒಂದು ಮಂಟಪವೆಂದು ಎಣಿಸುವುದೇ ಯುಕ್ತ.

ಈ ಪದ್ಧತಿಯು ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ದಾರಿಗಳಲ್ಲಿ ಆಲದ ಮರಗಳನ್ನೂ ಮಾವಿನ ತೋಪುಗಳನ್ನೂ ನೆಡಿಸಿ ಬಾವಿಗಳನ್ನು ತೋಡಿಸಿದುದಾಗಿ ಅಶೋಕ ಚಕ್ರವರ್ತಿಯು ತನ್ನ ಏಳನೆಯ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ನಮ್ಮ ಹಿರಿಯರು ಸಪ್ತಸಂತಾನಗಳೆಂದು ಎಣಿಸುತ್ತಿದ್ದ ಪುಣ್ಯಕಾರ್ಯಗಳಲ್ಲಿ ಕೆರೆ, ದೇವಾಲಯ, ಅಗ್ರಹಾರಗಳ ಜೊತೆಗೆ ವನವೂ ಸೇರಿದೆ. ಮಗನನ್ನು ಪಡೆಯುವುದೂ ತೋಪನ್ನು ಬೆಳೆಸುವುದೂ ಒಂದೇ ಪಂಕ್ತಿಯಲ್ಲಿ ಬರುತ್ತವೆ. ಈಚಿನ ಕಾಲದಲ್ಲಿಯೂ ಈ ಭಾವನೆಯು ಅಳಿದಿಲ್ಲವೆಂಬುದಕ್ಕೆ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕನವರು ತಮ್ಮ ಪತಿಯೊಡನೆ ನೆಟ್ಟು, ನೀರು ಹೊತ್ತು ಬೆಳೆಸಿದ ಆಲದ ಮರಗಳೇ ಸಾಕ್ಷಿ. ಮಕ್ಕಳಿಲ್ಲದ ಆ ದಂಪತಿಗಳು ಆ ಸಾಲನ್ನೇ ಸಂತಾನವೆಂದು ಭಾವಿಸಿದರು. ೨೦೧೯ನೆಯ ಇಸವಿಯಲ್ಲಿ ಆಕೆಗೆ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು.

ಕಟ್ಟಡಕ್ಕೂ ವನಕ್ಕೂ ಇರುವ ಭೇದ

ಹಳೆಯ ಕಟ್ಟಡವನ್ನು ಕಾಪಾಡುವುದೆಂದರೆ ಅದರ ಕಲ್ಲುಗಳನ್ನು ಕಾಪಾಡುವುದು. ವನದಲ್ಲಿ ಹಾಗಲ್ಲ. ಮರವು ಹುಟ್ಟುತ್ತದೆ, ಬೆಳೆಯುತ್ತದೆ, ಮುಪ್ಪಾಗಿ ಬೀಳುತ್ತದೆ. ಎಷ್ಟೇ ಎಚ್ಚರವಹಿಸಿದರೂ ಮುತ್ತಜ್ಜನು ನೆಟ್ಟ ಮಾವನ್ನು ಎಂದೆಂದಿಗೂ ಉಳಿಸಿಕೊಳ್ಳಲು ಸಾಧ್ಯವಿಲ್ಲ. ಹಾಗಾದರೆ ಇಲ್ಲಿ ಉಳಿಸತಕ್ಕದ್ದು ಯಾವುದು? ಸಾಲು, ಅಂತರ, ಜಾತಿ, ಕಟ್ಟೆ, ನೀರಿನ ಕಾಲುವೆ, ಒಟ್ಟಿನಲ್ಲಿ ನೆಟ್ಟವನ ಆಲೋಚನೆ. ಮರ ಬಿದ್ದರೂ ಸಾಲು ಬೀಳಬಾರದು. ಇದೇ ಈ ವಿಷಯದ ಮುಖ್ಯ ಸೂತ್ರ.

ಹೊರದೇಶಗಳ ತಜ್ಞರೂ ಇದೇ ತೀರ್ಮಾನಕ್ಕೆ ಬಂದಿದ್ದಾರೆ. ಸ್ಮಾರಕಗಳ ರಕ್ಷಣೆಗಾಗಿ ಏರ್ಪಟ್ಟಿರುವ ಅಂತರರಾಷ್ಟ್ರೀಯ ಮಂಡಳಿಯವರು ೧೯೮೧ರಲ್ಲಿ ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ ಸೇರಿ, ಐತಿಹಾಸಿಕ ಉದ್ಯಾನಗಳಿಗಾಗಿ ಪ್ರತ್ಯೇಕವಾದ ನಿಯಮಾವಳಿಯೊಂದನ್ನು ರಚಿಸಲು ನಿಶ್ಚಯಿಸಿದರು. ಅದು ೧೯೮೨ರಲ್ಲಿ ಅಂಗೀಕೃತವಾಯಿತು. ಉದ್ಯಾನವು ಜೀವಂತವಾದ ಸ್ಮಾರಕವಾದುದರಿಂದ, ಅದರ ರಕ್ಷಣೆಯು ದಿನದಿನದ ಪಾಲನೆಯಿಂದಲೂ, ಕಾಲಕಾಲಕ್ಕೆ ಯೋಜಿಸಿ ಮಾಡುವ ಮರುನಾಟಿಯಿಂದಲೂ ಆಗತಕ್ಕದ್ದೆಂಬುದು ಅದರ ಸಾರಾಂಶ.

ಲಾಲ್‌ಬಾಗಿನ ಉದಾಹರಣೆ

ಬೆಂಗಳೂರಿನ ಲಾಲ್‌ಬಾಗನ್ನು ನಮ್ಮ ವಾಚಕರಲ್ಲಿ ಬಹುಮಂದಿ ನೋಡಿರಬಹುದು. ೧೭೬೦ರಲ್ಲಿ ಹೈದರಾಲಿಯು ಅದನ್ನು ಆರಂಭಿಸಿದನು. ಅವನ ಮಗನಾದ ಟೀಪೂ ಸುಲ್ತಾನನು ಹೊರದೇಶಗಳಿಂದ ಬೀಜಗಳನ್ನೂ ಸಸಿಗಳನ್ನೂ ತರಿಸಿ ವಿಸ್ತರಿಸಿದನು. ೧೮೦೦ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಡಾಕ್ಟರ್ ಬುಕಾನನ್ ಎಂಬವರು, ಬೆಂಗಳೂರಿನಲ್ಲಿ ಈ ದೊರೆಗಳು ಮಾಡಿಸಿದ ತೋಟಗಳು ಚೌಕವಾದ ಮಡಿಗಳಾಗಿ ವಿಂಗಡಿಸಲ್ಪಟ್ಟು, ನಡುವಣ ಹಾದಿಗಳ ಅಂಚಿನಲ್ಲಿ ಸೈಪ್ರೆಸ್ ಮರಗಳಿದ್ದುದನ್ನೂ, ಒಂದೊಂದು ಜಾತಿಯ ಗಿಡಕ್ಕೆ ಒಂದೊಂದು ಮಡಿಯನ್ನೇ ಮೀಸಲಿಟ್ಟಿದ್ದುದನ್ನೂ ಬರೆದಿಟ್ಟಿದ್ದಾರೆ.

ಅನಂತರ ಆಳ್ವಿಕೆಗಳು ಬದಲಾದುವು. ಆದರೂ ಲಾಲ್‌ಬಾಗು ಹಾಳುಬೀಳಲಿಲ್ಲ. ೧೮೫೬ರಲ್ಲಿ ಅದು ಸರ್ಕಾರದ ಸಸ್ಯೋದ್ಯಾನವಾಯಿತು. ೧೮೭೪ರಲ್ಲಿ ಬಂದ ಜಾನ್ ಕ್ಯಾಮೆರಾನ್‌ರವರು ಅನೇಕ ಹೊಸ ಸಸ್ಯಗಳನ್ನು ತರಿಸಿದರು. ಇಂದು ನಮ್ಮ ರೈತರು ಚಪ್ಪರ ಹಾಕಿ ಬೆಳೆಯುವ ಸೀಮೆಬದನೆಯನ್ನು ಇಲ್ಲಿಗೆ ತಂದ ಕೀರ್ತಿಯೂ ಅವರದೇ. ಗಾಜಿನ ಮನೆಗೆ ೧೮೮೯ರಲ್ಲಿ ಅಸ್ತಿಭಾರ ಹಾಕಲಾಯಿತು. ೧೯೦೮ರಲ್ಲಿ ಬಂದ ಜರ್ಮನಿಯ ಕ್ರುಂಬಿಗೆಲ್‌ರವರು ತೋಟವನ್ನು ಬೆಳೆಸಿದುದಲ್ಲದೆ, ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರದ ಹೂ ಮುಗಿಯುವ ವೇಳೆಗೆ ಇನ್ನೊಂದು ಜಾತಿಯು ಹೂಬಿಡುವಂತೆ ಸಾಲುಮರಗಳನ್ನು ಯೋಜಿಸಿದರು. ಇಂದು ಆ ಉದ್ಯಾನದ ವಿಸ್ತೀರ್ಣ ಸುಮಾರು ೨೪೦ ಎಕರೆ. ೧೯೭೫ರಲ್ಲಿ ಸರ್ಕಾರೀ ಉದ್ಯಾನಗಳ ಸಂರಕ್ಷಣೆಗಾಗಿ ರಾಜ್ಯದಲ್ಲಿ ಪ್ರತ್ಯೇಕ ಕಾನೂನೇ ಬಂದಿತು.

ಇದರಿಂದ ನಾವು ಕಲಿಯತಕ್ಕದ್ದು ಮೂರು ಅಂಶಗಳು. ಮೊದಲನೆಯದು, ಬಹುಕಾಲ ಅದಕ್ಕೆ ಹೊಣೆಗಾರನೊಬ್ಬನಿದ್ದನು. ಎರಡನೆಯದು, ಸತ್ತ ಗಿಡದ ಸ್ಥಾನಕ್ಕೆ ಬೇರೊಂದು ಬರುತ್ತಿತ್ತು. ಮೂರನೆಯದು, ಜನವರಿ ಮತ್ತು ಆಗಸ್ಟ್ ತಿಂಗಳುಗಳ ಫಲಪುಷ್ಪ ಪ್ರದರ್ಶನಗಳ ಮೂಲಕ ಜನರು ಅದನ್ನು ತಮ್ಮದೆಂದು ತಿಳಿದರು. ಜನರ ಅಭಿಮಾನವಿಲ್ಲದೆ ಕೇವಲ ಬೇಲಿಯಿಂದ ಯಾವ ವನವೂ ಉಳಿಯಲಾರದು.

ನನ್ನಿಂದಾದ ತಪ್ಪು

ಇಲ್ಲಿ ನನ್ನ ಸ್ವಂತ ಅನುಭವವೊಂದನ್ನು ಮರೆಮಾಚದೆ ಹೇಳುವುದು ಉಚಿತವೆಂದು ತೋರುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಯಲುಸೀಮೆಯ ಗ್ರಾಮವೊಂದರ ಮುಖಂಡರು ತಮ್ಮ ಗುಂಡುತೋಪಿನ ವಿಷಯದಲ್ಲಿ ನನ್ನ ಸಲಹೆಯನ್ನು ಕೇಳಿದರು. ಎಂಟು ಸಾಲುಗಳಲ್ಲಿ ಸುಮಾರು ಅರುವತ್ತು ಮಾವು, ಹುಣಿಸೆ, ಹಿಪ್ಪೆಯ ಮರಗಳಿದ್ದುವು. ಹಲವು ಮರಗಳು ಪೊಟರೆಬಿದ್ದಿದ್ದುವು, ಫಸಲು ಇಳಿದಿತ್ತು. ನಾನು ಇಳುವರಿಯ ಲೆಕ್ಕವನ್ನೊಂದೇ ನೋಡಿ, ಎಲ್ಲವನ್ನೂ ಕಡಿಸಿ ನೀಲಗಿರಿಯನ್ನು ಹಾಕಿದರೆ ಪಂಚಾಯಿತಿಗೆ ಆದಾಯ ಹೆಚ್ಚುವುದೆಂದು ಬರೆದುಕೊಟ್ಟೆನು. ಆಗ ವೃದ್ಧರಾದ ರೈತರೊಬ್ಬರು ಎದ್ದುನಿಂತು, "ಸ್ವಾಮಿ, ಮರ ಹಳೇದು ಅಂತೀರಿ, ದಿಟ. ಆದ್ರೆ ಒಂದು ಸತ್ರೆ ಆ ಗುಣೀಲಿ ಇನ್ನೊಂದು ಇಡ್ತಾ ಬಂದ್ರು ನಮ್ಮೋರು. ನಾವು ಇಡೋದು ಬಿಟ್ವಿ, ಅದಕ್ಕೆ ಹಿಂಗಾಯ್ತು" ಎಂದರು. ಅವರ ಮಾತಿನ ತೂಕವು ಆಗ ನನಗೆ ತಿಳಿಯಲಿಲ್ಲ.

ಕೆಲವು ವರ್ಷಗಳ ಮೇಲೆ ಅದೇ ಊರಿಗೆ ಹೋದೆನು. ನೀಲಗಿರಿಯನ್ನು ಎರಡು ಬಾರಿ ಕಟಾವು ಮಾಡಿ ಮಾರಿದ್ದರು. ಹಣವೂ ಬಂದು ಖರ್ಚಾಗಿ ಹೋಗಿತ್ತು. ನೆರಳಿಲ್ಲದೆ ವಾರದ ಸಂತೆಯು ಹೆದ್ದಾರಿಯ ಬದಿಯ ಬಿಸಿಲಿಗೆ ಹೋಗಿತ್ತು. ಸಾಲುಗಳು ಹೋದ ಮೇಲೆ ತೋಪಿನ ಎಲ್ಲೆ ಯಾವುದೆಂಬುದೇ ಕಾಣದಂತಾಗಿ, ಪಕ್ಕದ ಹಿಡುವಳಿದಾರರು ಬದುಗಳನ್ನು ಒಳಕ್ಕೆ ಸರಿಸಿದ್ದರು. ಆ ವೃದ್ಧರು ಕಾಲವಾಗಿದ್ದರು. ಮರಗಳ ಸಾಲು ತಾನೇ ಊರಿನ ಹಕ್ಕಿನ ದಾಖಲೆಯಾಗಿತ್ತೆಂಬುದನ್ನು ನಾನು ಆ ದಿನ ಅರಿತೆನು. ಯಾವ ತೋಪನ್ನೂ ಒಟ್ಟಿಗೆ ಕಡಿಸುವ ಸಲಹೆಯನ್ನು ಅಂದಿನಿಂದ ನಾನು ಕೊಟ್ಟಿಲ್ಲ.

ಮಾಡತಕ್ಕ ಕೆಲಸಗಳು

೧. ನಕ್ಷೆ ಮತ್ತು ಪಟ್ಟಿ. ಮೊದಲು ತೋಪಿನ ಸರ್ವೆ ನಂಬರನ್ನೂ ವಿಸ್ತೀರ್ಣವನ್ನೂ ಕಂದಾಯದ ದಾಖಲೆಗಳಿಂದ ತಿಳಿದು, ಅಳತೆ ಮಾಡಿಸಿ ಎಲ್ಲೆಕಲ್ಲುಗಳನ್ನು ನೆಡಿಸಬೇಕು. ಅನಂತರ ಒಂದು ಹಾಳೆಯಲ್ಲಿ ಸಾಲುಗಳನ್ನು ಗೆರೆ ಎಳೆದು, ಇರುವ ಮರಗಳನ್ನೂ ಖಾಲಿ ಬಿದ್ದಿರುವ ಸ್ಥಾನಗಳನ್ನೂ ಗುರುತಿಸಬೇಕು. ಮೋಟುಗಳು ಉಳಿದಿದ್ದರೆ ಹಳೆಯ ಅಂತರವು ಅವುಗಳಿಂದ ಗೊತ್ತಾಗುತ್ತದೆ. ಊರಿನ ಹಿರಿಯರನ್ನು ಕರೆತಂದು, ಯಾವ ಸ್ಥಾನದಲ್ಲಿ ಯಾವ ಮರವಿತ್ತು, ಅದರ ಹೆಸರೇನು, ಹಣ್ಣಿನ ರುಚಿಯೆಂತಹುದು ಎಂಬುದನ್ನು ಬರೆದಿಡಬೇಕು. ಗ್ರಾಮಗಳ ಸಾರ್ವಜನಿಕ ಭೂಮಿಗಳ ಒತ್ತುವರಿಯನ್ನು ತೆರವು ಮಾಡಿಸಲು ಯೋಜನೆಗಳನ್ನು ರೂಪಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೧ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೂ ಆಜ್ಞೆಮಾಡಿರುತ್ತದೆ. ದಾಖಲೆಯು ಸರಿಯಾಗಿದ್ದರೆ ಈ ಆಜ್ಞೆಯು ನಿಮಗೆ ಬಲವಾಗುವುದು.

೨. ಬಿಡಿಬಿಡಿಯಾಗಿ ಮರುನಾಟಿ. ತೋಪನ್ನು ಒಮ್ಮೆಗೇ ಹೊಸದು ಮಾಡಬಾರದು. ಪ್ರತಿವರ್ಷವೂ ಖಾಲಿ ಸ್ಥಾನಗಳಲ್ಲಿ ಕೆಲವನ್ನು ತುಂಬುತ್ತ ಬರಬೇಕು. ಬೇಸಗೆಯಲ್ಲಿ ಉದ್ದ, ಅಗಲ, ಆಳ ಮೂರು ಮೂರು ಅಡಿಗಳ ಗುಣಿ ತೋಡಿ ಬಿಸಿಲಿಗೆ ಬಿಟ್ಟು, ಹಳೆಯ ಮೋಟನ್ನೂ ಕೊಳೆತ ಬೇರುಗಳನ್ನೂ ಪೂರ್ತಿಯಾಗಿ ತೆಗೆದು, ಮೇಲ್ಮಣ್ಣು ಮತ್ತು ಕಳಿತ ಕೊಟ್ಟಿಗೆ ಗೊಬ್ಬರದಿಂದ ತುಂಬಿ, ಮುಂಗಾರು ಹಿಡಿದ ಮೇಲೆ ಸಸಿಯನ್ನು ನೆಡಬೇಕು. ನೆರೆಯ ಮರದ ಕೊಂಬೆಗಳು ಬೆಳಕನ್ನು ತಡೆಯುತ್ತಿದ್ದರೆ ಮಿತವಾಗಿ ಸವರಬೇಕು. ಮುಳ್ಳಿನ ಕಾವಲನ್ನೂ ಮೊದಲ ಮೂರು ಬೇಸಗೆಗಳ ನೀರನ್ನೂ ತಪ್ಪಿಸಬಾರದು.

೩. ಹಳೆಯ ತಳಿಯ ರಕ್ಷಣೆ. ಮಾವು, ಹಲಸು, ನೇರಳೆ, ಹಿಪ್ಪೆಗಳ ಬೀಜಗಳು ಬೇಗನೆ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದರಿಂದ ಹಣ್ಣಾದ ಕೆಲವೇ ದಿನಗಳಲ್ಲಿ ಬಿತ್ತಬೇಕು. ಓಟೆಯಿಂದ ಹುಟ್ಟಿದ ಮಾವು ಸಾಮಾನ್ಯವಾಗಿ ತಾಯಿಮರದ ರುಚಿಯನ್ನು ಕೊಡುವುದಿಲ್ಲ. ಊರಿಗೆ ಹೆಸರು ತಂದ ಮರವಿದ್ದರೆ, ಅದು ಬೀಳುವ ಮೊದಲೇ ಅದರ ಕಡ್ಡಿಗಳಿಂದ ಕಸಿ ಮಾಡಿಸಿ ಇಟ್ಟುಕೊಳ್ಳಬೇಕು. ಬಿದ್ದ ಮೇಲೆ ಪಶ್ಚಾತ್ತಾಪದಿಂದ ಪ್ರಯೋಜನವಿಲ್ಲ.

೪. ಮುದಿ ಮರಗಳ ಪೋಷಣೆ. ಬಂದಳಿಕೆಯು ಹಳೆಯ ತೋಪುಗಳ ದೊಡ್ಡ ಶತ್ರು. ಹಕ್ಕಿಗಳು ಅದರ ಹಣ್ಣನ್ನು ತಿಂದು ಅಂಟಾದ ಬೀಜವನ್ನು ಕೊಂಬೆಗಳಿಗೆ ಒರೆಸುವುದರಿಂದ ಅದು ಹರಡುತ್ತದೆ. ಹಣ್ಣಾಗುವ ಮೊದಲೇ, ಅದು ಕಚ್ಚಿರುವ ಸ್ಥಳಕ್ಕಿಂತ ಒಂದು ಅಡಿಯಷ್ಟು ಕೆಳಗೆ ಕೊಂಬೆಯನ್ನು ಕತ್ತರಿಸಬೇಕು. ಬುಡದ ಸುತ್ತ ಸಿಮೆಂಟು ಬಳಿಯುವುದು, ಬೇರಿನ ಮೇಲೆ ಮಣ್ಣು ಏರಿಸುವುದು, ಕಸಕ್ಕೆ ಬೆಂಕಿಯಿಡುವುದು, ಫಲಕಗಳಿಗಾಗಿ ಮೊಳೆ ಹೊಡೆಯುವುದು, ಇವೆಲ್ಲವೂ ಮರಕ್ಕೆ ಹಾನಿಕರ. ಅರಳಿಕಟ್ಟೆಯನ್ನು ದುರಸ್ತಿ ಮಾಡುವಾಗ ಬೇರಿಗೆ ನೀರೂ ಗಾಳಿಯೂ ಹೋಗುವಷ್ಟು ಮಣ್ಣನ್ನು ತೆರೆದೇ ಬಿಡಬೇಕು. ಅನೇಕ ಜಾತಿಯ ಮರಗಳನ್ನು ಕಡಿಯಲು ೧೯೭೬ರ ಕಾನೂನಿನ ಪ್ರಕಾರ ವೃಕ್ಷಾಧಿಕಾರಿಗಳ ಅಪ್ಪಣೆಯು ಅವಶ್ಯಕವೆಂಬುದನ್ನೂ ನೆನಪಿನಲ್ಲಿಡಬೇಕು.

೫. ತೋಪಿನ ಹಣ ತೋಪಿಗೆ. ಹುಣಿಸೆ, ಮಾವುಗಳ ಫಸಲನ್ನು ಹರಾಜು ಮಾಡುವ ಕಡೆಗಳಲ್ಲಿ, ಬಂದ ಹಣದಲ್ಲಿ ಒಂದು ಭಾಗವನ್ನು ಮರುನಾಟಿಗೂ ಕಾವಲಿಗೂ ಮೀಸಲಿಡುವಂತೆ ಪಂಚಾಯಿತಿಯು ನಿರ್ಣಯ ಮಾಡಿಕೊಳ್ಳುವುದು ಲೇಸು. ಹಾಗಿಲ್ಲದಿದ್ದರೆ ತೋಪು ದುಡಿಯುತ್ತದೆ, ಉಣ್ಣುವವರು ಬೇರೆಯಾಗುತ್ತಾರೆ.

೬. ಬಳಕೆಯಿಂದ ಉಳಿವು. ಸಂತೆ, ಜಾತ್ರೆ, ಊರಹಬ್ಬಗಳನ್ನು ತೋಪಿನಲ್ಲಿಯೇ ನಡೆಸಬೇಕು. ಶಾಲೆಯ ಮಕ್ಕಳಿಗೆ ಮರಗಳ ಹೆಸರುಗಳನ್ನೂ ತೋಪಿನ ಚರಿತ್ರೆಯನ್ನೂ ಅಲ್ಲಿಯೇ ಕೂಡಿಸಿ ತಿಳಿಸಬೇಕು. ಹೊಸ ಸಸಿಯೊಂದನ್ನು ಒಂದೊಂದು ಮನೆತನಕ್ಕೆ ವಹಿಸಿದರೆ ನೀರು ತಪ್ಪುವುದಿಲ್ಲ.

ಭೂಮಾಲಿಕರಿಗೆ ಒಂದು ಮಾತು

ಸಾರ್ವಜನಿಕ ತೋಪುಗಳಲ್ಲದೆ, ಹಳೆಯ ಮನೆತನಗಳ ಸ್ವಂತ ತೋಟಗಳಲ್ಲಿಯೂ ಕಲ್ಲಿನ ಕಟ್ಟೆ, ಏತದ ಬಾವಿ, ಸಂಪಿಗೆ ಪಾರಿಜಾತಗಳ ಸಾಲು ಮುಂತಾದುವು ಉಳಿದಿರುತ್ತವೆ. ಜಮೀನು ಭಾಗವಾಗುವ ಕಾಲದಲ್ಲಿ ಮೊದಲು ನಾಶವಾಗುವುವು ಇವೇ. ಪಾಲುಪತ್ರ ಬರೆಯುವಾಗ ಅಂತಹ ಭಾಗವನ್ನು ಒಡೆಯದೆ ಸಮುದಾಯದಲ್ಲಿ ಇಟ್ಟುಕೊಂಡರೆ ಮುಂದಿನವರಿಗೆ ಉಪಕಾರವಾಗುವುದು.

ಮೇಲೆ ಹೇಳಿದ ಗ್ರಾಮದಲ್ಲಿ ಈಗ ಎಲ್ಲೆಯ ಅಳತೆಯು ಮುಗಿದು, ಹಳೆಯ ಮೋಟುಗಳ ಗುರುತಿನಿಂದ ಮೊದಲನೆಯ ಎರಡು ಸಾಲುಗಳಲ್ಲಿ ಮಾವು ಮತ್ತು ಹಿಪ್ಪೆಯ ಸಸಿಗಳನ್ನು ನೆಟ್ಟಿದ್ದಾರೆ. ಅವು ಇನ್ನೂ ಆಳೆತ್ತರವಾಗಿಲ್ಲ. ಅವುಗಳ ನೆರಳಿನಲ್ಲಿ ಸಂತೆ ಕೂಡುವುದನ್ನು ನೋಡುವ ಭಾಗ್ಯ ನನಗೆ ಇರಲಾರದು. ಆದರೆ ಸಾಲು ಹಿಡಿದಿದೆ. ಪ್ರತಿ ಗ್ರಾಮದ ಮುಖ್ಯಸ್ಥರೂ ಬರುವ ಮುಂಗಾರಿಗೆ ಮುಂಚೆ ತಮ್ಮ ಊರಿನ ತೋಪಿಗೆ ಒಮ್ಮೆ ಹೋಗಿ, ಖಾಲಿ ಗುಣಿಗಳೆಷ್ಟೆಂದು ಎಣಿಸಿ ಬರಬೇಕೆಂದು ಪ್ರಾರ್ಥಿಸುತ್ತೇನೆ.